ಅಡುಗೆಮನೆ ಪ್ರಶ್ನೋತ್ತರ: ಜಿಡ್ಡು ಕಡಿಮೆ ಮಾಡಿದ ಮೀನು ಸಾರು

ಪ್ರಶ್ನೆ: ನಮ್ಮ ಮಾವನವರಿಗೆ ಕೊಲೆಸ್ಟ್ರಾಲ್ ಹೆಚ್ಚಾಗಿದೆ. ಎಣ್ಣೆ ಮತ್ತು ತೆಂಗಿನಕಾಯಿ ಎರಡನ್ನೂ ಕಡಿಮೆ ಮಾಡಬೇಕೆಂದು ವೈದ್ಯರು ಹೇಳಿದ್ದಾರೆ. ಆದರೆ ಭಾನುವಾರ ಮೀನು ಸಾರು, ಮುದ್ದೆ ಇಲ್ಲದಿದ್ದರೆ ಅವರಿಗೆ ಊಟ ಮಾಡಿದಂತೆಯೇ ಆಗುವುದಿಲ್ಲ. ಕಾಯಿ ಬಿಟ್ಟು ಮಾಡಿ ನೋಡಿದೆ. ಸಾರು ನೀರುನೀರಾಗಿ ಹುಳಿಯೇ ಮುಂದಾಯಿತು, ಮನೆಯಲ್ಲಿ ಯಾರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ಬೇರೆ ದಾರಿ ಇದೆಯೇ?
(ಓದುಗರು, ಮಂಡ್ಯ)

ಉತ್ತರ: ನೀವು ಮೊದಲು ಕೈ ಹಾಕಿದ್ದು ಕಾಯಿಗೆ. ಕೈ ಹಾಕಬೇಕಾಗಿದ್ದದ್ದು ಎಣ್ಣೆಗೆ. ನಾಲ್ವರ ಸಾರಿಗೆ ಒಂದು ಬಟ್ಟಲು, ಅಂದರೆ ಸುಮಾರು 80 ಗ್ರಾಂ ಹಸಿ ಕಾಯಿತುರಿ ರುಬ್ಬಿ ಹಾಕಿದರೆ ಅದರಿಂದ ಹೆಚ್ಚುಕಡಿಮೆ 27 ಗ್ರಾಂ ಕೊಬ್ಬು ಸೇರುತ್ತದೆ. ಅದೇ ಸಾರಿಗೆ ಈರುಳ್ಳಿ ಬಾಡಿಸಲು ಎರಡು, ಖಾರ ಹುರಿಯಲು ಎರಡು ಎಂದು ನಾಲ್ಕು ದೊಡ್ಡ ಚಮಚ ಎಣ್ಣೆ ಬಿದ್ದರೆ ಕೊಬ್ಬು ಸುಮಾರು 54 ಗ್ರಾಂ, ಅಂದರೆ ಕಾಯಿಯದರ ಎರಡರಷ್ಟು. ಬಾಟಲಿಯಿಂದ ನೇರವಾಗಿ ಸುರಿಯುವ ಮನೆಗಳಲ್ಲಿ ನಾಲ್ಕು ಚಮಚ ಎನ್ನುವುದು ಹೆಚ್ಚೇನಲ್ಲ. ಹಾಗೆಂದು ಕಾಯಿಗೆ ರಿಯಾಯಿತಿ ಕೊಡುವಂತಿಲ್ಲ, ಏಕೆಂದರೆ ತೆಂಗಿನ ಕೊಬ್ಬಿನ ಬಹುಪಾಲು, ಸುಮಾರು ನೂರಕ್ಕೆ ತೊಂಬತ್ತರಷ್ಟು, ಸ್ಯಾಚುರೇಟೆಡ್ ಕೊಬ್ಬು. ರಕ್ತದ ಕೊಲೆಸ್ಟ್ರಾಲ್ ವಿಚಾರದಲ್ಲಿ ವೈದ್ಯರು ಎಚ್ಚರಿಸುವುದು ಮುಖ್ಯವಾಗಿ ಅದರ ಬಗ್ಗೆಯೇ. ಆದ್ದರಿಂದ ಎರಡನ್ನೂ ಇಳಿಸೋಣ, ಆದರೆ ಯಾವುದನ್ನೂ ಸೊನ್ನೆಗೆ ಇಳಿಸುವುದು ಬೇಡ. ಮೆಣಸಿನಕಾಯಿಯ ಖಾರ, ಧನಿಯ, ಬೆಳ್ಳುಳ್ಳಿ, ಕರಿಬೇವಿನ ಪರಿಮಳ ಇವೆಲ್ಲ ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತವೆ. ಒಂದು ಹನಿಯೂ ಜಿಡ್ಡಿಲ್ಲದ ಸಾರಿನಲ್ಲಿ ಮಸಾಲೆ ಇದ್ದೂ ಇಲ್ಲದಂತಿರುತ್ತದೆ. ನಿಮ್ಮ ಸಾರಿನಲ್ಲಿ ಹುಳಿ ಮುಂದಾದದ್ದಕ್ಕೂ ಇದೇ ಕಾರಣ. ಕಾಯಿಯ ಜಿಡ್ಡು ಹುಳಿಯ ಮೊನಚನ್ನು ತಗ್ಗಿಸುತ್ತಿತ್ತು. ನೀವು ಕಾಯಿ ತೆಗೆದಿರಿ, ಹುಣಸೆಹಣ್ಣನ್ನು ಮಾತ್ರ ಮೊದಲಿನಷ್ಟೇ ಹಾಕಿದಿರಿ.

ಅರ್ಧ ಕೆಜಿ ಕಾಟ್ಲಾ ಅಥವಾ ರೋಹು ಮೀನಿಗೆ ಹೀಗೆ ಮಾಡಿ ನೋಡಿ. ಎರಡು ಈರುಳ್ಳಿ ಮತ್ತು ಎರಡು ಟೊಮೆಟೊವನ್ನು ಹೆಚ್ಚದೆ, ಸಿಪ್ಪೆ ಸಹಿತ, ಗ್ಯಾಸಿನ ಉರಿಯ ಮೇಲೋ ಕೆಂಡದಲ್ಲೋ ಸುಡಿ. ಈರುಳ್ಳಿಯ ಹೊರಸಿಪ್ಪೆ ಪೂರ್ತಿ ಕಪ್ಪಾಗಿ, ಒತ್ತಿದರೆ ಬೆರಳು ಒಳಗಿಳಿಯುವಷ್ಟು ಮೆತ್ತಗಾಗಿ, ಬುಡದಿಂದ ರಸ ಜಿನುಗತೊಡಗಿದಾಗ ಅದು ಆಯಿತೆಂದು ಅರ್ಥ. ಕರಿ ಸಿಪ್ಪೆ ತೆಗೆದರೆ ಒಳಗಿನ ಎಸಳು ಕಂದುಬಣ್ಣಕ್ಕೆ ತಿರುಗಿ ಸಿಹಿಯಾಗಿರುತ್ತದೆ. ಎರಡು ಚಮಚ ಎಣ್ಣೆಯಲ್ಲಿ ಬಾಡಿಸಿ ಪಡೆಯುತ್ತಿದ್ದ ಸಿಹಿ ಇಲ್ಲಿ ಎಣ್ಣೆಯಿಲ್ಲದೆಯೇ ಬಂತು. ನಮ್ಮ ಕಡೆ ಸೌದೆ ಒಲೆಯ ಕಾಲದಲ್ಲಿ ಈರುಳ್ಳಿ ಸುಟ್ಟು ಖಾರ ರುಬ್ಬುವುದು ರೂಢಿಯಲ್ಲಿತ್ತು. ಗ್ಯಾಸು ಬಂದ ಮೇಲೆ ಹುರಿಯುವುದು ಸುಲಭವೆನಿಸಿ ಎಣ್ಣೆ ಏರಿತು ಎಂದು ನನ್ನ ಅನಿಸಿಕೆ.

ಎರಡು ದೊಡ್ಡ ಚಮಚ ಧನಿಯ, ಒಂದು ಚಿಕ್ಕ ಚಮಚ ಜೀರಿಗೆ, ಅರ್ಧ ಚಿಕ್ಕ ಚಮಚ ಕಾಳುಮೆಣಸು, ಆರೇಳು ಬ್ಯಾಡಗಿ ಮೆಣಸಿನಕಾಯಿ, ನಾಲ್ಕಾರು ಕಾಳು ಮೆಂತ್ಯವನ್ನು ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿಯಿರಿ. ಇವುಗಳೊಂದಿಗೆ ಸುಟ್ಟ ಈರುಳ್ಳಿ, ಟೊಮೆಟೊ, ಶುಂಠಿ, ಬೆಳ್ಳುಳ್ಳಿ, ಒಂದೂವರೆ ದೊಡ್ಡ ಚಮಚ ಹುರಿಗಡಲೆ ಮತ್ತು ಕಾಲು ಬಟ್ಟಲು ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿಕೊಳ್ಳಿ. ಸಾರಿಗೆ ಮಂದ ಕೊಡುವ ಕೆಲಸ ಈಗ ಹುರಿಗಡಲೆಯದು. ಅದರಲ್ಲಿ ಕೊಬ್ಬು ಅತ್ಯಲ್ಪ. ಆದರೆ ಅದನ್ನು ಧಾರಾಳವಾಗಿ ಹಾಕಿದರೆ ಮೀನು ಸಾರು ಹೋಗಿ ಚಟ್ನಿಯ ರುಚಿ ಬರುತ್ತದೆ, ಹೇಳಿದ ಅಳತೆ ಮೀರಬೇಡಿ. ಮಂದಕ್ಕೆಂದು ಗೋಡಂಬಿಯನ್ನೋ ಕಡಲೆಕಾಯಿ ಬೀಜವನ್ನೋ ರುಬ್ಬುವ ಸಲಹೆ ಕೊಡುವವರಿದ್ದಾರೆ. ಅವುಗಳ ತೂಕದಲ್ಲಿ ಅರ್ಧಕ್ಕೆ ಹತ್ತಿರದಷ್ಟು ಕೊಬ್ಬೇ ಇರುವುದರಿಂದ ಈ ಸಾರಿಗೆ ಅವು ಬೇಡ. ಒಣ ಕೊಬ್ಬರಿಯೂ ಹಾಗೆಯೇ: ನೀರಿನಂಶ ಆರಿಹೋಗಿರುವ ಕಾರಣ ತೂಕಕ್ಕೆ ತೂಕ ಹಸಿ ಕಾಯಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಕೊಬ್ಬು ಅದರಲ್ಲಿರುತ್ತದೆ.

ರುಬ್ಬಿದ ಖಾರವನ್ನು ಅಗಲವಾದ ಪಾತ್ರೆಗೆ ಹಾಕಿ, ಅರ್ಧ ಸೌಟು ನೀರು ಬೆರೆಸಿ, ನಡುವಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಕೈಯಾಡಿಸಿ. ತಳ ಹಿಡಿಯುವಂತೆ ಕಂಡಾಗಲೆಲ್ಲ ಎಣ್ಣೆಯ ಬದಲು ನೀರು ಚಿಮುಕಿಸಿ. ಎಣ್ಣೆ ಬಿಟ್ಟುಕೊಂಡರೆ ಖಾರ ಬೆಂದಿದೆ ಎಂಬ ಗುರುತು ಇಲ್ಲಿ ಕೆಲಸಕ್ಕೆ ಬಾರದು. ಹಸಿ ವಾಸನೆ ಹೋಗಿ, ಬಣ್ಣ ಒಂದು ಛಾಯೆ ಗಾಢವಾಗಿ, ಖಾರ ಪಾತ್ರೆಯ ಅಂಚು ಬಿಟ್ಟು ಒಟ್ಟುಗೂಡುವುದನ್ನು ನೋಡಿಕೊಳ್ಳಬೇಕು. ಆಮೇಲೆ ಹುಣಸೆರಸ, ಉಪ್ಪು, ಅರಿಶಿನ, ನೀರು ಹಾಕಿ ಹತ್ತು ನಿಮಿಷ ಕುದಿಸಿ. ಹುಣಸೆಹಣ್ಣು ನೀವು ಎಂದಿನಂತೆ ಹಾಕುವುದರ ಮೂರರಲ್ಲಿ ಎರಡು ಭಾಗ ಸಾಕು. ಉರಿ ತಗ್ಗಿಸಿ ಮೀನಿನ ತುಂಡುಗಳನ್ನು ಒಂದೊಂದಾಗಿ ಇಳಿಬಿಟ್ಟು, ಎಂಟು ಹತ್ತು ನಿಮಿಷ ಮೆಲ್ಲಗೆ ಬೇಯಿಸಿ. ಕಡೆಯಲ್ಲಿ ಎರಡು ಚಿಕ್ಕ ಚಮಚ ಎಣ್ಣೆಯಲ್ಲಿ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಕೊಟ್ಟು ತಕ್ಷಣ ಮುಚ್ಚಳ ಮುಚ್ಚಿ. ಇಡೀ ಸಾರಿಗೆ ಇಷ್ಟೇ ಎಣ್ಣೆ. ಮೊದಲೇ ಹಾಕಿದ ಎಣ್ಣೆ ಖಾರದೊಳಗೆ ಸೇರಿಹೋಗುತ್ತದೆ; ಕಡೆಯಲ್ಲಿ ಹಾಕಿದ್ದು ಮೇಲೆ ನಿಂತು ಮೊದಲು ಮೂಗಿಗೆ, ಆಮೇಲೆ ನಾಲಿಗೆಗೆ ತಾಕುವುದರಿಂದ, ಕಡಿಮೆಯಿದ್ದರೂ ಇದೆಯೆನಿಸುತ್ತದೆ. ಎಣ್ಣೆಯದು ಸುಮಾರು 9 ಗ್ರಾಂ, ಕಾಯಿಯದು 7 ಗ್ರಾಂ ಎಂದು ಹಿಡಿದರೆ ತಲೆಗೆ 4 ಗ್ರಾಂ ಕೊಬ್ಬು ಬರುತ್ತದೆ. ಮೊದಲಿನ ಲೆಕ್ಕದಲ್ಲಿ ಅದು 20 ಗ್ರಾಂ ಆಗಿತ್ತು. ಮೀನಿನದ್ದು ಬೇರೆ, ಆದರೆ ಕಾಟ್ಲಾ, ರೋಹುಗಳಲ್ಲಿ ಅದು ಹೆಚ್ಚಿಲ್ಲ.

ಒಲೆಯಿಂದ ಇಳಿಸಿದ ಮೇಲೆ ಅರ್ಧ ಗಂಟೆಯಾದರೂ ಬಿಡಿ. ಹುರಿಗಡಲೆ ಇರುವ ಸಾರು ಆರುತ್ತಾ ಗಟ್ಟಿಯಾಗುವುದರಿಂದ ಒಲೆಯ ಮೇಲಿದ್ದಾಗ ತುಸು ತೆಳ್ಳಗೆ ಕಂಡರೂ ಗಾಬರಿಯಾಗಬೇಕಿಲ್ಲ.

ಪ್ರಶ್ನೆ: ನಮಗೆ ಸಿಗುವುದು ಹೆಚ್ಚಾಗಿ ಕೆರೆಯ ಮೀನು, ಕೆಲವೊಮ್ಮೆ ಕನ್ನಂಬಾಡಿ ಹಿನ್ನೀರಿನದು. ಅದಕ್ಕೆ ಕೆಸರಿನ ವಾಸನೆ ಇರುತ್ತದೆ, ಸಾರಿನಲ್ಲಿ ಒಡೆದೂ ಹೋಗುತ್ತದೆ. ಅದಕ್ಕಾಗಿ ಮೊದಲು ಎಣ್ಣೆಯಲ್ಲಿ ಕರಿದು ಆಮೇಲೆ ಸಾರಿಗೆ ಹಾಕುತ್ತೇವೆ. ಕರಿಯದೆ ಮಾಡಬಹುದೇ?
(ಓದುಗರು, ಶ್ರೀರಂಗಪಟ್ಟಣ)

ಉತ್ತರ: ಮಾಡಬಹುದು, ಕರಿಯುವುದರಿಂದ ಆ ವಾಸನೆ ಮರೆಯಾಗುತ್ತದೆಯೇ ಹೊರತು ಹೋಗುವುದಿಲ್ಲ. ಕೆಸರಿನ ವಾಸನೆಗೆ ಮುಖ್ಯ ಕಾರಣ ಜಿಯೋಸ್ಮಿನ್ ಎಂಬ ವಸ್ತು. ನಿಂತ ನೀರಿನಲ್ಲಿ ಬೆಳೆಯುವ ನೀಲಿಹಸಿರು ಪಾಚಿ ಮತ್ತು ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಉಂಟುಮಾಡುತ್ತವೆ, ಮೀನಿನ ಚರ್ಮ ಮತ್ತು ಕೊಬ್ಬಿನಲ್ಲಿ ಅದು ಸೇರಿಕೊಳ್ಳುತ್ತದೆ. ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ಮಣ್ಣಿನ ಪರಿಮಳಕ್ಕೂ ಇದೇ ವಸ್ತು ಕಾರಣ. ಅಲ್ಲಿ ಹಿತ, ತಟ್ಟೆಯಲ್ಲಿ ಅಹಿತ. ಹುಳಿಯ ಸಂಗದಲ್ಲಿ ಇದು ಒಡೆದು ವಾಸನೆ ಕಳೆದುಕೊಳ್ಳುತ್ತದೆ. ಸಿಹಿನೀರಿನ ಮೀನಿಗೆ ನಮ್ಮ ಹಿರಿಯರು ಹುಣಸೆಹಣ್ಣನ್ನು ಬಿಡದೆ ಬಳಸಿದ್ದು ಬರೀ ರುಚಿಗಲ್ಲ.

ಮೀನನ್ನು ಕೊಯ್ಯಿಸಿಕೊಂಡು ಬಂದ ಮೇಲೆ ಹೊಟ್ಟೆಯ ಒಳಗೋಡೆಗೆ ಅಂಟಿರುವ ಕರಿ ಪೊರೆಯನ್ನು ಚಾಕುವಿನ ಬೆನ್ನಿನಿಂದ ಪೂರ್ತಿ ಕೆರೆದು ತೆಗೆಯಿರಿ, ಬೆನ್ನೆಲುಬಿನ ಉದ್ದಕ್ಕೆ ಹೆಪ್ಪುಗಟ್ಟಿದ ರಕ್ತವನ್ನೂ ತೊಳೆಯಿರಿ. ಅಂಗಡಿಯಲ್ಲಿ ಅವಸರದಲ್ಲಿ ಇವೆರಡನ್ನೂ ಹಾಗೆಯೇ ಬಿಟ್ಟಿರುತ್ತಾರೆ. ಬಳಿಕ ಕಲ್ಲುಪ್ಪು, ಅರಿಶಿನ, ಗಟ್ಟಿ ಹುಣಸೆರಸ ಸವರಿ ಕಾಲು ಗಂಟೆ ಇಟ್ಟು ತೊಳೆಯಿರಿ. ಉಪ್ಪು ಮೀನಿನ ಮೇಲ್ಮೈಯನ್ನು ಬಿಗಿ ಮಾಡುವುದರಿಂದ ಒಡೆಯುವುದೂ ಕಡಿಮೆಯಾಗುತ್ತದೆ. ತುಂಡುಗಳು ಒಂದು ಅಂಗುಲಕ್ಕಿಂತ ತೆಳ್ಳಗಾಗದಿರಲಿ. ಮೀನು ಹಾಕಿದ ಮೇಲೆ ಸೌಟನ್ನು ಪಕ್ಕಕ್ಕಿಟ್ಟು, ಪಾತ್ರೆಯ ಎರಡೂ ಕಿವಿ ಹಿಡಿದು ಮೆಲ್ಲಗೆ ತಿರುಗಿಸಿ. ತುಂಡುಗಳು ಒಂದರ ಮೇಲೊಂದು ಕೂರದಷ್ಟು ಅಗಲದ ಪಾತ್ರೆಯಾದರೆ ಅದಕ್ಕಿಂತ ಹೆಚ್ಚಿನ ಉಪಾಯ ಬೇಕಿಲ್ಲ.

ಪ್ರಶ್ನೆ: ಕರಾವಳಿಯ ರೀತಿಯ ಸೀಗಡಿ ಗಸಿ ನಮಗೆ ಇಷ್ಟ. ತೆಂಗಿನ ಹಾಲಿನ ಬದಲು ಕೆನೆ ತೆಗೆದ ಹಾಲು ಹಾಕಿದೆ, ಒಡೆದುಹೋಯಿತು. ಮೊಸರು ಹಾಕಿದರೂ ಅದೇ ಗತಿ. ಜೊತೆಗೆ, ಕೊಲೆಸ್ಟ್ರಾಲ್ ಇರುವವರು ಸೀಗಡಿಯನ್ನೇ ತಿನ್ನಬಾರದಂತೆ, ನಿಜವೇ?
(ಓದುಗರು, ಕುವೆಂಪುನಗರ, ಮೈಸೂರು)

ಉತ್ತರ: ಹುಳಿ ಇರುವ ಸಾರಿಗೆ ಹಾಲು ಹಾಕಿದರೆ ಒಡೆಯದೆ ಇರುವುದಿಲ್ಲ. ಕೊಬ್ಬು ತೆಗೆದ ಮೊಸರು ಗಟ್ಟಿ ಮೊಸರಿಗಿಂತ ಬೇಗ ಒಡೆಯುತ್ತದೆ. ಹಾಕಲೇಬೇಕೆಂದಿದ್ದರೆ ಹುಳಿಯಿಲ್ಲದ ಹೊಸ ಮೊಸರಿಗೆ ಒಂದು ಚಿಕ್ಕ ಚಮಚ ಅಕ್ಕಿಹಿಟ್ಟು ಸೇರಿಸಿ ಚೆನ್ನಾಗಿ ಕಡೆದು, ಒಲೆ ಆರಿಸಿದ ಮೇಲೆ ಬೆರೆಸಿ. ಆದರೆ ಅದು ಮಜ್ಜಿಗೆ ಹುಳಿಗೆ ಸೀಗಡಿ ಹಾಕಿದಂತಾಗುತ್ತದೆಯೇ ಹೊರತು ಗಸಿಯಾಗುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಕಾಯಿಯನ್ನೇ ಇಟ್ಟುಕೊಂಡು ಗಟ್ಟಿಯಾದ ಮೊದಲ ಹಾಲನ್ನು ಬಿಟ್ಟು, ಎರಡನೇ ಸಲ ಹಿಂಡಿದ ತೆಳು ಹಾಲನ್ನಷ್ಟೇ ಬಳಸುವುದು ಉತ್ತಮ.

ರುಚಿಯ ಕೊರತೆಯನ್ನು ಸೀಗಡಿಯೇ ತುಂಬಿಕೊಡುತ್ತದೆ. ಬಿಡಿಸಿದ ತಲೆ, ಸಿಪ್ಪೆಗಳನ್ನು ಎಸೆಯದೆ ತೊಳೆದು, ಒಣ ಬಾಣಲೆಯಲ್ಲಿ ಕೆಂಪಾಗುವವರೆಗೆ ಬಾಡಿಸಿ, ಎರಡು ಲೋಟ ನೀರಿನಲ್ಲಿ ಕಾಲು ಗಂಟೆ ಕುದಿಸಿ ಸೋಸಿ. ನಸುಗೆಂಪಾದ ಈ ನೀರನ್ನು ಸಾರಿಗೆ ಹಾಕಿದರೆ ಕಾಯಿ ಅರ್ಧವಾದದ್ದು ನಾಲಿಗೆಗೆ ಗೊತ್ತಾಗುವುದು ಕಷ್ಟ. ಸೀಗಡಿಯನ್ನು ಮಾತ್ರ ಕಡೆಯಲ್ಲಿ ಹಾಕಿ ಮೂರು ನಾಲ್ಕು ನಿಮಿಷದಲ್ಲಿ ಇಳಿಸಿಬಿಡಿ. ಹೆಚ್ಚು ಬೆಂದು ಬಿರುಸಾದ ಸೀಗಡಿಯನ್ನು ಎಷ್ಟು ಎಣ್ಣೆ ಹಾಕಿದರೂ ಮೆತ್ತಗೆ ಮಾಡಲಾಗದು.

ಸೀಗಡಿಯಲ್ಲಿ ಕೊಲೆಸ್ಟ್ರಾಲ್ ಇರುವುದು ನಿಜ, 100 ಗ್ರಾಮಿಗೆ 150 ಮಿಲಿಗ್ರಾಂ ದಾಟುತ್ತದೆ. ಆದರೆ ಒಟ್ಟು ಕೊಬ್ಬು 1 ಗ್ರಾಮಿನ ಆಸುಪಾಸು. ಹೆಚ್ಚಿನವರಲ್ಲಿ ರಕ್ತದ ಕೊಲೆಸ್ಟ್ರಾಲನ್ನು ಏರಿಸುವುದರಲ್ಲಿ ಆಹಾರದ ಕೊಲೆಸ್ಟ್ರಾಲಿಗಿಂತ ಸ್ಯಾಚುರೇಟೆಡ್ ಕೊಬ್ಬಿನ ಪಾತ್ರ ದೊಡ್ಡದು. ಆದ್ದರಿಂದ ಸೀಗಡಿಗಿಂತ ಅದನ್ನು ತುಪ್ಪದಲ್ಲಿ ಹುರಿಯುವ ಅಭ್ಯಾಸವನ್ನು ಮೊದಲು ಬಿಡಬೇಕು. ಹೃದಯದ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು ಪ್ರಮಾಣವನ್ನು ತಮ್ಮ ವೈದ್ಯರನ್ನೇ ಕೇಳಿ ನಿರ್ಧರಿಸಲಿ.

ಪ್ರಶ್ನೆ: ಬಂಗುಡೆ, ಬೂತಾಯಿಗಳೇ ಜಿಡ್ಡಿನ ಮೀನು. ತೂಕ ಇಳಿಸುವವರು ಅವನ್ನು ಬಿಡಬೇಕೇ?
(ಓದುಗರು, ಮದ್ದೂರು)

ಉತ್ತರ: ಬಿಡಬೇಕಾಗಿಲ್ಲ. ಅವುಗಳ ಜಿಡ್ಡಿನಲ್ಲಿ ಹೃದಯಕ್ಕೆ ಒಳ್ಳೆಯದೆನ್ನುವ ಒಮೆಗಾ-3 ಕೊಬ್ಬಿನಾಮ್ಲಗಳಿವೆ. ಆ ಜಿಡ್ಡನ್ನು ಬಳಸಿಕೊಂಡು, ಹೊರಗಿನ ಎಣ್ಣೆಯನ್ನು ಪೂರ್ತಿ ಬಿಟ್ಟುಬಿಡಿ. ಮಳೆಗಾಲ ಕಳೆದ ಮೇಲಿನ ತಿಂಗಳುಗಳಲ್ಲಿ ಬೂತಾಯಿ ಚೆನ್ನಾಗಿ ಕೊಬ್ಬಿರುತ್ತದೆ. ಆಗ ಅದನ್ನು ಖಾರ, ಹುಳಿ, ಉಪ್ಪಿನ ನೀರಿನಲ್ಲಿ ಬೇಯಿಸಿದರೂ ಸಾರಿನ ಮೇಲೆ ತಾನೇ ಎಣ್ಣೆಯ ತೆಳು ಪದರ ಕಟ್ಟುತ್ತದೆ, ಒಗ್ಗರಣೆಯೂ ಬೇಕೆನಿಸುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ನಮ್ಮ ಕಡೆಗೆ ಸಮುದ್ರದ ತಾಜಾ ಮೀನು ಬರುವುದು ಕಡಿಮೆ. ಆ ಎರಡು ತಿಂಗಳು ಹಳೆಯ ಐಸ್ ಮೀನಿಗೆ ದುಡ್ಡು ಕೊಡುವುದಕ್ಕಿಂತ ಕೆರೆಯ ಮೀನೇ ಮೇಲು.

ಪ್ರಶ್ನೆ: ಒಣಮೀನು ಬದನೆಕಾಯಿ ಸಾರು ಹಗುರವಾದ ಅಡುಗೆಯೇ?
(ಓದುಗರು, ಮಳವಳ್ಳಿ)

ಉತ್ತರ: ಕೊಬ್ಬಿನ ದೃಷ್ಟಿಯಿಂದ ಹಗುರವೇ, ಉಪ್ಪಿನ ದೃಷ್ಟಿಯಿಂದ ಅಲ್ಲ. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪು ಹಾಕಿ ಒಣಗಿಸಿದ ಮೀನಿನ ಸಾರಿನಲ್ಲಿ ಒಂದೇ ಊಟಕ್ಕೆ ಅದರ ದೊಡ್ಡ ಪಾಲು ಮುಗಿದುಹೋಗಬಹುದು. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆ ನೀರನ್ನು ಚೆಲ್ಲಿ, ಮತ್ತೆರಡು ಸಲ ತೊಳೆದು ಬಳಸಿ. ಸಾರಿಗೆ ಪ್ರತ್ಯೇಕವಾಗಿ ಉಪ್ಪು ಹಾಕುವ ಮೊದಲು ಬದನೆಕಾಯಿ ಬೆಂದ ಮೇಲೆ ಒಮ್ಮೆ ರುಚಿ ನೋಡಿ. ಹೆಚ್ಚಿನ ಸಲ ಹಾಕುವ ಅಗತ್ಯವೇ ಬೀಳುವುದಿಲ್ಲ. ರಕ್ತದೊತ್ತಡ ಇರುವವರಿಗೆ ಹಸಿ ಮೀನಿನ ಸಾರೇ ಕ್ಷೇಮ.