ಮಗ ಫಾರ್ವರ್ಡ್ ಮಾಡಿದ ವಿಡಿಯೊ

ಪ್ರಶ್ನೆ: ಬೈಕಿನವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ, ‘ಕಳ್ಳರು ನಮ್ಮೂರಿಗೂ ಬಂದಿದ್ದಾರೆ’ ಎಂಬ ಆಡಿಯೊ ಹತ್ತನೇ ತರಗತಿಯ ಮಗನ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದಿವೆ. ಅವನೂ ಬೇರೆ ಗ್ರೂಪುಗಳಿಗೆ ಕಳಿಸಿದ್ದಾನೆ. ಈಗ ಟ್ಯೂಷನ್‌ಗೆ ಹೋಗಲೂ ಹೆದರುತ್ತಾನೆ. ಏನು ಮಾಡಲಿ?
– ಒಬ್ಬ ತಾಯಿ, ತುಮಕೂರು

ಉತ್ತರ: 2018ರಲ್ಲಿ ಇಂಥದ್ದೇ ವಿಡಿಯೊ ದೇಶವೆಲ್ಲ ಸುತ್ತಿತ್ತು. ಅದು ಮಕ್ಕಳ ಸುರಕ್ಷತೆಯ ಜಾಗೃತಿಗೆಂದು ಕರಾಚಿಯಲ್ಲಿ ತೆಗೆದದ್ದು. ಮೂಲದಲ್ಲಿ ಬೈಕಿನವರು ಮಗುವನ್ನು ವಾಪಸ್ ತಂದುಬಿಟ್ಟು ಫಲಕ ಹಿಡಿದು ತೋರಿಸುತ್ತಾರೆ. ಆ ಕೊನೆಯನ್ನೇ ಯಾರೋ ಕತ್ತರಿಸಿದ್ದರು. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ಬರೀ ಗುಮಾನಿಗೆ ಇಬ್ಬರ ಜೀವ ಹೋಯಿತು. ಮುರ್ಕಿಯ ಪ್ರಕರಣ ಶುರುವಾದದ್ದು ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದರಿಂದ.

ವಿಡಿಯೊ ನಿಜವೋ ಸುಳ್ಳೋ ಎಂಬ ಪರೀಕ್ಷೆಯನ್ನು ನೀವು ಮಾಡಬೇಡಿ, ಪಕ್ಕದಲ್ಲಿ ಕೂತು ಮಗನ ಕೈಯಿಂದಲೇ ಮಾಡಿಸಿ. ಹೆದರಿಕೆ ಇಳಿಯುವುದು ಹಾಗೆ. ಆಡಿಯೊ ಪಕ್ಕಕ್ಕಿಡಿ, ಅದರಲ್ಲಿ ಹುಡುಕಲು ಹಿಡಿತ ಸಿಗುವುದಿಲ್ಲ. ಅಂಗಡಿಯ ಬೋರ್ಡು, ನಂಬರ್ ಪ್ಲೇಟು ಕಾಣುವ ಕಡೆ ವಿಡಿಯೊ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು, ಅಂಥದ್ದೇ ಚಿತ್ರ ಇಂಟರ್‌ನೆಟ್‌ನಲ್ಲಿ ಎಲ್ಲೆಲ್ಲಿದೆ ಎಂದು ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ಹಾಕಿ. ಮಸುಕಾದ ಚಿತ್ರಕ್ಕೆ ಏನೂ ಸಿಗದು, ಬೇರೆ ಬೇರೆ ಕಡೆ ನಿಲ್ಲಿಸಿ ನೋಡಿ. ಅದೇ ದೃಶ್ಯ ಹಳೆಯ ತಾರೀಖಿನಲ್ಲಿ, ಬೇರೆ ಊರಿನ ಹೆಸರಲ್ಲಿ ಕಂಡರೆ ಕಥೆ ಮುಗಿಯಿತು. ಮೆಸೇಜಿನ ಮೇಲೆ ಜೋಡಿ ಬಾಣವಿದ್ದರೆ ಅದು ಕೈಯಿಂದ ಕೈಗೆ ಐದು ಸಲವಾದರೂ ದಾಟಿ ಬಂದದ್ದು. ಬಾಣವಿಲ್ಲ ಎಂದು ನಂಬಬೇಡಿ: ಗ್ಯಾಲರಿಗೆ ಸೇವ್ ಮಾಡಿ ಹೊಸದಾಗಿ ಕಳಿಸಿದರೆ ಆ ಗುರುತು ಹೋಗುತ್ತದೆ.

ಕಳಿಸಿ ಸುಮಾರು ಎರಡು ದಿನದೊಳಗಾದರೆ ‘ಡಿಲೀಟ್ ಫಾರ್ ಎವರಿವನ್’ ಒತ್ತಬಹುದು. ಆದರೆ ಅಷ್ಟರಲ್ಲಿ ಬೇರೆಯವರು ಮುಂದೆ ಕಳಿಸಿದ್ದು ಅಳಿಯುವುದಿಲ್ಲ. ಆದ್ದರಿಂದ ಅವೇ ಗ್ರೂಪುಗಳಲ್ಲಿ ‘ನಾನು ಕಳಿಸಿದ ವಿಡಿಯೊ ಸುಳ್ಳು, ಇದು ಇಂಥ ಊರಿನದು’ ಎಂದು ಎರಡು ಸಾಲು ಬರೆಸಿ. ಸುಳ್ಳೆಂದು ತೋರಿಸಲು ಮತ್ತೆ ಅದೇ ವಿಡಿಯೊ ಹಾಕಿಸಬೇಡಿ. ಊರಲ್ಲಿ ನಿಜಕ್ಕೂ ಅನುಮಾನ ಬಂದರೆ 112ಕ್ಕೆ ಫೋನ್ ಮಾಡಿ.

ಪ್ರಶ್ನೆ: ಪಿಯುಸಿ ಓದುವ ಮಗಳು ಇನ್‌ಸ್ಟಾಗ್ರಾಮ್‌ನಲ್ಲಿ ತೆಳ್ಳಗಾಗುವ ಡಯೆಟ್‌ನ ರೀಲ್ಸ್ ನೋಡಿ ಅನ್ನ ಬಿಟ್ಟಿದ್ದಾಳೆ. ಬೈದರೆ ಇನ್ನೂ ಹೆಚ್ಚು ನೋಡುತ್ತಾಳೆ.

ಉತ್ತರ: ಬೈಯುವುದು ಬಿಡಿ. ತಮಾಷೆಗೆ ಪೂರ್ತಿ ನೋಡಿದರೂ, ‘ಇದು ಸುಳ್ಳು’ ಎಂದು ಕಾಮೆಂಟ್ ಹಾಕಿದರೂ ಇನ್‌ಸ್ಟಾಗ್ರಾಮ್‌ಗೆ ಅದು ಆಸಕ್ತಿಯೇ. ಅಂಥ ರೀಲ್ ಬಂದ ತಕ್ಷಣ ‘ನಾಟ್ ಇಂಟರೆಸ್ಟೆಡ್’ ಒತ್ತಲಿ. ಸೆಟ್ಟಿಂಗ್ಸ್‌ನ ಕಂಟೆಂಟ್ ಪ್ರಿಫರೆನ್ಸಸ್‌ನಲ್ಲಿ ಸಲಹೆಗಳನ್ನು ರೀಸೆಟ್ ಮಾಡಬಹುದು, ಆದರೆ ಫಾಲೊ ಮಾಡಿದ ಖಾತೆಗಳು ಹಾಗೇ ಉಳಿಯುತ್ತವೆ, ಅವನ್ನು ಅವಳೇ ತೆಗೆಯಬೇಕು. ಮುಟ್ಟು ನಿಂತಿದ್ದರೆ, ತಲೆಸುತ್ತು ಬರುತ್ತಿದ್ದರೆ ಫೋನಿನ ವಿಚಾರ ಆಮೇಲೆ, ಮೊದಲು ವೈದ್ಯರಿಗೆ ತೋರಿಸಿ.