ಮಲೆನಾಡಿನಲ್ಲಿ ಓಡಿಸೋಕೆ ಪೆಟ್ರೋಲ್ ಬಿಟ್ಟು ಬೇರೆ ಯಾವ ಇಂಧನದ ಕಾರು ಒಳ್ಳೆಯದು?

ನೀವು ಕೇಳಿರೋದು ಇಷ್ಟು: ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ವರ್ಗವಾಗಿದೆ, ಕೈಯಲ್ಲಿ 2014ರ ಪೆಟ್ರೋಲ್ ಕಾರಿದೆ. ಅದಕ್ಕೆ ಸಿಎನ್‌ಜಿ ಕಿಟ್ ಹಾಕಿಸೋದಾ, ಮಾರಿ ಎಲೆಕ್ಟ್ರಿಕ್ ತಗೊಳ್ಳೋದಾ? ಇ20 ಪೆಟ್ರೋಲಿಗೆ (ಅಂದರೆ ಶೇ 20ರಷ್ಟು ಎಥನಾಲ್ ಬೆರೆಸಿದ್ದಕ್ಕೆ) ಎಂಜಿನ್ ಹಾಳಾಗುತ್ತಾ? ಹಾಸನದ ಕಡೆ ಹೊಂಗೆ ಎಣ್ಣೆಯಲ್ಲಿ ಗಾಡಿ ಓಡಿಸ್ತಾರಂತೆ, ನಿಜಾನಾ? ತಿಂಗಳಿಗೆ ಒಂದೆರಡು ಸಲ ಮಂಗಳೂರಿಗೆ ಹೋಗಿ ಬರೋದಿದೆ ಅಂತಲೂ ಬರೆದಿದ್ದೀರಿ.

ನಾನು ಸಕಲೇಶಪುರದಿಂದ ಆರು ಕಿಲೋಮೀಟರ್ ಒಳಗಿರುವ ಹಳ್ಳಿಯವನು. ಕೆಲಸ ಹಾಸನದಲ್ಲಿ. ದಿನಾ ಹೋಗಿ ಬಂದರೆ 90 ಕಿಲೋಮೀಟರ್ ದಾಟುತ್ತೆ. ನೀವು ಹೆಸರಿಸಿದ ನಾಲ್ಕೂ ನಮ್ಮ ಮನೆಯ ಅಂಗಳಕ್ಕೆ ಒಂದಲ್ಲ ಒಂದು ಕಾಲದಲ್ಲಿ ಬಂದು ಹೋಗಿವೆ, ಹಾಗಾಗಿ ಬರೆಯುವ ಧೈರ್ಯ ಮಾಡ್ತಿದ್ದೀನಿ.

ಅದಕ್ಕೂ ಮೊದಲು ನನ್ನದೊಂದು ಮರುಪ್ರಶ್ನೆ. ರಾತ್ರಿ ನಿಮ್ಮ ಕಾರು ಎಲ್ಲಿ ಮಲಗುತ್ತೆ? ವಿಡಿಯೊ ಮಾಡೋರೆಲ್ಲ ಕಿಲೋಮೀಟರಿಗೆ ಎಷ್ಟು ರೂಪಾಯಿ ಅಂತ ಲೆಕ್ಕ ಹಾಕಿ ಮುಗಿಸ್ತಾರೆ. ನಮ್ಮ ಕಡೆ ಕಾರು ರಾತ್ರಿ ನಿಲ್ಲುವ ಜಾಗ ಮತ್ತು ಹಗಲು ಹತ್ತುವ ದಿಬ್ಬ, ಇವೆರಡು ಗೊತ್ತಾದರೆ ಇಂಧನ ಯಾವುದು ಅನ್ನೋದು ತಾನಾಗೇ ತೀರ್ಮಾನ ಆಗುತ್ತೆ.

ಹೊಂಗೆಯಿಂದ ಶುರು ಮಾಡ್ತೀನಿ, ಕೇಳೋಕೆ ಚೆನ್ನಾಗಿರುತ್ತೆ ಅಂತ. ನಿಜ, ಹಾಸನದ ಹತ್ತಿರ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕ್ ಶುರುವಾದಾಗ ಜಿಲ್ಲೆಯಲ್ಲಿ ದೊಡ್ಡ ಸುದ್ದಿಯಾಗಿತ್ತು. ಹೊಂಗೆ, ಹಿಪ್ಪೆ, ಬೇವು, ಸಿಮರೂಬಾ ಅಂತ ಬದುವಿನಲ್ಲಿ ಗಿಡ ನೆಡಿ, ಬೀಜ ಆರಿಸಿ ತನ್ನಿ ಅಂತ ಹಳ್ಳಿಹಳ್ಳಿಯಲ್ಲಿ ಹೇಳ್ತಿದ್ದರು. ಹೊಸದೇನೂ ಅಲ್ಲ ಬಿಡಿ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೇ ಡೀಸೆಲ್ ಎಂಜಿನ್ ಒಂದನ್ನು ಕಡಲೆಕಾಯಿ ಎಣ್ಣೆಯಲ್ಲಿ ಓಡಿಸಿ ತೋರಿಸಿದ್ದರು. ನಮ್ಮಲ್ಲಿ ಹೊಂಗೆ ಎಣ್ಣೆ ದೀಪಕ್ಕೆ, ಹಿಂಡಿ ಗೊಬ್ಬರಕ್ಕೆ, ಇದೂ ಅಜ್ಜನ ಕಾಲದ್ದೇ.

ನಮ್ಮಪ್ಪನ ಹತ್ತಿರ ಆಗ ಒಂದು ಹಳೇ ಡೀಸೆಲ್ ಜೀಪಿತ್ತು. ಪರಿಚಯದವರೊಬ್ಬರು ಸ್ವಂತ ಪ್ರಯೋಗ ಅಂತ ಹೊಂಗೆ ಬಯೋಡೀಸೆಲ್ ಮಾಡಿ ಇಪ್ಪತ್ತು ಲೀಟರ್ ಕ್ಯಾನಿನಲ್ಲಿ ಕೊಟ್ಟರು. ಮಾಡೋದನ್ನೂ ನೋಡಿದ್ದೀನಿ. ಎಣ್ಣೆಗೆ ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಬೆರೆಸಿ ಬಿಸಿ ಮಾಡಿ ಬಿಟ್ಟರೆ ಮೇಲೆ ತೆಳ್ಳಗಿನ ಹಳದಿ ಬಯೋಡೀಸೆಲ್, ಕೆಳಗೆ ಜೋನಿಬೆಲ್ಲದ ಹಾಗೆ ಕಪ್ಪಗೆ ಮಂದಗೆ ಗ್ಲಿಸರಿನ್. ಒಂದು ಲೀಟರ್ ಎಣ್ಣೆಗೆ ಹತ್ತಿರ ಹತ್ತಿರ ನಾಲ್ಕು ಕೆಜಿ ಬೀಜ ಬೇಕು. ಜೀಪು ಮೊದಲ ವಾರ ಸೊಗಸಾಗಿ ಓಡಿತು. ಹಿಂದೆ ಹೋದರೆ ಆಗಷ್ಟೇ ದೀಪ ಆರಿಸಿದ ವಾಸನೆ. ಎರಡನೇ ವಾರ ದೋಣಿಗಾಲಿನ ಹತ್ತಿರ ಏರಿನಲ್ಲಿ ಕೆಮ್ಮಿ ಕೆಮ್ಮಿ ನಿಂತಿತು. ಫಿಲ್ಟರ್ ಬಿಚ್ಚಿದರೆ ಕಾಡಿಗೆಯಂಥ ಗಸಿ! ಬಯೋಡೀಸೆಲ್ ಟ್ಯಾಂಕಿನ ತಳದಲ್ಲಿ ಇಪ್ಪತ್ತು ವರ್ಷದಿಂದ ಕೂತಿದ್ದ ಕೊಳೆಯನ್ನೆಲ್ಲ ತೊಳೆದು ತಂದು ಫಿಲ್ಟರಿಗೆ ಮೆತ್ತಿತ್ತು. ಫಿಲ್ಟರ್ ಬದಲಾಯಿಸಿದ ಮೇಲೆ ಹಳೇ ರಬ್ಬರ್ ಪೈಪು ಉಬ್ಬಿ ಒಸರತೊಡಗಿತು. ಡಿಸೆಂಬರ್ ಚಳಿಗೆ ಎಣ್ಣೆಯೇ ಮಂದವಾಗಿ ಬೆಳಗ್ಗೆ ಸ್ಟಾರ್ಟ್ ಮಾಡೋದೇ ಒಂದು ವ್ಯಾಯಾಮ. ಹಳೇ ಜೀಪು ಆದ್ದರಿಂದ ಇಷ್ಟಕ್ಕೆ ಮುಗೀತು. ಈಗಿನ ಕಾಮನ್ ರೈಲ್ (ಡೀಸೆಲನ್ನು ಭಾರಿ ಒತ್ತಡದಲ್ಲಿ ಸಿಂಪಡಿಸುವ) ಎಂಜಿನ್ನಿಗೆ ಮನೆಯಲ್ಲಿ ಕಾಯಿಸಿದ ಎಣ್ಣೆ ಹಾಕಿದರೆ ಇಂಜೆಕ್ಟರುಗಳು ಹೋಗಿ ಸಾವಿರಗಟ್ಟಲೆ ದುಡ್ಡು ಕೈಬಿಡುತ್ತೆ. ನಿಮ್ಮದಂತೂ ಪೆಟ್ರೋಲ್ ಕಾರು. ಹೊಂಗೆ ನಿಮಗೆ ನೆರಳಿಗೆ ಮಾತ್ರ.

ಇನ್ನು ಇ20. ಇದನ್ನು ನೀವು ಆರಿಸಿಕೊಳ್ಳುವ ಹಾಗೇ ಇಲ್ಲ, ಬಂಕಿನಲ್ಲಿ ಸಿಗೋದೇ ಅದು. 2030ಕ್ಕೆ ಅಂತ ಇಟ್ಟುಕೊಂಡಿದ್ದ ಶೇ 20ರ ಗುರಿಯನ್ನು 2025ಕ್ಕೇ ಎಳೆದು ತಂದರು. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಾಖ ಪೆಟ್ರೋಲಿನದಕ್ಕಿಂತ ಮೂರನೇ ಒಂದು ಭಾಗ ಕಡಿಮೆ. ಐದರಲ್ಲಿ ಒಂದು ಪಾಲು ಅದೇ ಆದಾಗ ಲೆಕ್ಕದ ಪ್ರಕಾರ ಶೇ 6-7ರಷ್ಟು ಮೈಲೇಜ್ ಬೀಳಬೇಕು. ನಮ್ಮ ಮನೆಯಲ್ಲಿ ಇನ್ನೂ ಇರುವ ಹಳೇ ಪೆಟ್ರೋಲ್ ಕಾರು 17 ಕೊಡ್ತಿದ್ದದ್ದು ಈಗ 16ರ ಹತ್ತಿರ ಕೊಡುತ್ತೆ. ಅಷ್ಟೇ. ಎಂಜಿನ್ ಸೀಜ್ ಆಗುತ್ತೆ ಅಂತ ವಾಟ್ಸಾಪಿನಲ್ಲಿ ಬರೋದನ್ನು ನಂಬಬೇಡಿ. ಆದರೆ 2023ರ ಏಪ್ರಿಲ್‌ಗೂ ಮುಂಚಿನ ಬಹುಪಾಲು ಕಾರುಗಳ ರಬ್ಬರ್ ಸೀಲು, ಪೈಪುಗಳನ್ನು ಇ20ಗೆ ಅಂತ ಮಾಡಿಲ್ಲ. ನಿಮ್ಮದು 2014ರದ್ದು, ಸರ್ವೀಸಿಗೆ ಬಿಟ್ಟಾಗ ಪೆಟ್ರೋಲ್ ಪೈಪು ಮುಟ್ಟಿ ನೋಡಿ ಅಂತ ಹೇಳಿ. ಮೆತ್ತಗಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಬದಲಾಯಿಸಿ.

ನಮ್ಮ ಕಡೆ ಅದಕ್ಕಿಂತ ಜಾಸ್ತಿ ಹುಷಾರಾಗಿರಬೇಕಾದ್ದು ನೀರಿನ ಬಗ್ಗೆ. ಎಥನಾಲ್‌ಗೆ ನೀರು ಅಂದರೆ ಪ್ರಾಣ. ಹಾಸನದಲ್ಲಿ ನಾನು ಗಾಡಿ ತೋರಿಸುವ ಮೆಕ್ಯಾನಿಕ್ ಒಂದು ಮಳೆಗಾಲದಲ್ಲಿ ಯಾರದೋ ಬೈಕಿನ ಟ್ಯಾಂಕಿನಿಂದ ಇಳಿಸಿದ ಪೆಟ್ರೋಲನ್ನು ಕ್ವಾರ್ಟರ್ ಬಾಟಲಿಯಲ್ಲಿ ತುಂಬಿಸಿ ಕಿಟಕಿಯ ಮೇಲೆ ಇಟ್ಟಿದ್ದ. ಮೇಲೆ ಮುಕ್ಕಾಲು ಪಾಲು ಪೆಟ್ರೋಲ್, ತಳದಲ್ಲಿ ಎರಡು ಬೆರಳಿನಷ್ಟು ಬೇರೆಯೇ ಒಂದು ಪದರ, ನಡುವೆ ಗೆರೆ ಎಳೆದ ಹಾಗೆ. ಬಾಟಲಿ ಕುಲುಕಿದರೆ ಬೆರೆಯುತ್ತೆ, ಸ್ವಲ್ಪ ಹೊತ್ತಿಗೆ ಮತ್ತೆ ಗೆರೆ. ಕೆಳಗಿನದು ನೀರು ಕುಡಿದ ಎಥನಾಲ್. ಟ್ಯಾಂಕಿನಲ್ಲಿ ಪಂಪು ಮೊದಲು ಎಳೆಯೋದು ಅದನ್ನೇ. ಬರೀ ಗಾಳಿಯ ತೇವದಿಂದ ಇಷ್ಟಾಗಲ್ಲ, ಮುಚ್ಚಳದ ವಾಷರ್ ಹೋಗಿ ಮಳೆನೀರು ಇಳಿದಿತ್ತು. ಅಂದರೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಕಾರನ್ನು ಕಾಲು ಟ್ಯಾಂಕಿನಲ್ಲಿ ಬಯಲಲ್ಲಿ ವಾರಗಟ್ಟಲೆ ನಿಲ್ಲಿಸಬೇಡಿ, ಮುಚ್ಚಳದ ವಾಷರ್ ನೋಡಿಕೊಳ್ಳಿ.

ಎಥನಾಲ್ ಹಸಿರು ಅನ್ನೋ ಮಾತಿದೆಯಲ್ಲ, ಅದಕ್ಕೊಂದು ಲೆಕ್ಕ. 35 ಲೀಟರ್ ಟ್ಯಾಂಕಿನಲ್ಲಿ 7 ಲೀಟರ್ ಎಥನಾಲ್. ಒಂದು ಟನ್ ಮುಸುಕಿನ ಜೋಳದಿಂದ ಸುಮಾರು 380 ಲೀಟರ್ ಬರುತ್ತೆ. ಹಾಗಾದರೆ ಒಂದು ಟ್ಯಾಂಕಿಗೆ ಹೆಚ್ಚುಕಡಿಮೆ 18 ಕೆಜಿ ಜೋಳ. ಕಬ್ಬಿನ ರಸದಿಂದ ನೇರವಾಗಿ ಮಾಡಿದರೆ ಒಂದು ಕ್ವಿಂಟಾಲ್ ಕಬ್ಬು. ಹಾಸನ ಜಿಲ್ಲೆಯಲ್ಲಿ ಆಲೂಗೆಡ್ಡೆಯ ಬದಲು ಜೋಳ ಹಾಕಿರೋ ನನ್ನ ನೆಂಟರಿಗೆ ಇದು ಖುಷಿಯ ಸುದ್ದಿ, ಕೋಳಿ ಸಾಕುವವರಿಗೆ ಹೊಟ್ಟೆಯುರಿ. ನನಗಂತೂ ಊಟದ ಬೆಳೆಯನ್ನು ಟ್ಯಾಂಕಿಗೆ ಸುರಿಯೋದು ಅಷ್ಟಾಗಿ ಒಗ್ಗಿಲ್ಲ.

ಸಿಎನ್‌ಜಿ ನಾಲ್ಕು ವರ್ಷ ಓಡಿಸಿದೆ. ಹಾಸನ–ಬೆಂಗಳೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ಚೆನ್ನಾಗಿದೆ. ಕೆಜಿಗೆ 22-23 ಕಿಲೋಮೀಟರ್ ಬರ್ತಿತ್ತು, ಹೊಗೆಯೂ ಕಡಿಮೆ. ದಿಬ್ಬದಲ್ಲಿ ಮಾತ್ರ ಕಥೆ ಬೇರೆ. ಗ್ಯಾಸು ಎಂಜಿನ್ನಿನೊಳಗೆ ಗಾಳಿಯ ಜಾಗವನ್ನೇ ಆಕ್ರಮಿಸಿಕೊಳ್ಳೋದರಿಂದ ಅದರ ಶಕ್ತಿ ಶೇ 10ರಷ್ಟಾದರೂ ಇಳಿಯುತ್ತೆ. ಅದರ ಮೇಲೆ ಚಿಕ್ಕಮಗಳೂರು ಇರೋದು ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಮೇಲೆ, ಅಲ್ಲಿ ಗಾಳಿಯೇ ತೆಳು. ಡಿಕ್ಕಿಯಲ್ಲಿ 60 ಲೀಟರ್ ಸಿಲಿಂಡರಿನ ಭಾರ ಬೇರೆ. ನಾಲ್ಕು ಜನ ಕೂತು ಮುಳ್ಳಯ್ಯನಗಿರಿಯ ಕಡೆ ಹತ್ತಿಸಿದಾಗ ಮೊದಲನೇ ಗೇರಿನಿಂದ ಎರಡಕ್ಕೆ ಹಾಕೋಕೇ ಭಯ, ಕೊನೆಗೆ ಬಟನ್ ಒತ್ತಿ ಪೆಟ್ರೋಲಿಗೆ ತಿರುಗಿಸಿದೆ. ಕಾಫಿ ಮೂಟೆ ಇರಲಿ, ಮಗುವಿನ ಸೈಕಲ್ ಕೂಡ ಡಿಕ್ಕಿಯಲ್ಲಿ ಹಿಡಿಸಲ್ಲ.

ಇನ್ನೊಂದು ವಿಷಯ ಹೊಸಬರಿಗೆ ಯಾರೂ ಹೇಳಲ್ಲ. ನಮ್ಮ ಕಡೆಯ ಬಂಕುಗಳಲ್ಲಿ ಎಷ್ಟೋ ಕಡೆ ಗ್ಯಾಸು ಪೈಪಿನಲ್ಲಿ ಬರಲ್ಲ, ಲಾರಿಯಲ್ಲಿ ಸಿಲಿಂಡರುಗಳ ಸಾಲು ಬರುತ್ತೆ. ಲಾರಿ ಖಾಲಿಯಾಗುತ್ತಾ ಬಂದ ಹಾಗೆ ಒತ್ತಡ ಇಳಿಯುತ್ತೆ, ನಿಮ್ಮ ಸಿಲಿಂಡರು ಪೂರ್ತಿ ತುಂಬಲ್ಲ. ಎಂಟು ಕೆಜಿ ಹಿಡಿಯೋದಕ್ಕೆ ಐದೂವರೆ ಹಾಕಿಸಿಕೊಂಡು ಬಂದ ದಿನಗಳಿವೆ. ಅದಕ್ಕೇ ಲಾರಿ ಬಂದ ಗಂಟೆ ನೋಡಿಕೊಂಡು ಹೋಗೋದು ಅಂತ ಆಟೊದವರ ಹತ್ತಿರ ಕಲಿತೆ. ಹೊರಗಿನ ಕಿಟ್ ಹಾಕಿಸಿದರೆ ಆರ್‌ಸಿಯಲ್ಲಿ ನಮೂದಾಗಬೇಕು, ಇನ್ಶೂರೆನ್ಸಿನವರಿಗೂ ತಿಳಿಸಬೇಕು, ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಕೊಟ್ಟು ನೋಡುವ ಪರೀಕ್ಷೆ) ಮಾಡಿಸಬೇಕು. ಹನ್ನೊಂದು ವರ್ಷ ದಾಟಿದ ಕಾರಿಗೆ ಈಗ ಇಷ್ಟೆಲ್ಲ ದುಡ್ಡು ಹಾಕೋದು ನನಗಂತೂ ಸರಿ ಕಾಣಲ್ಲ.

ಈಗ ಓಡಿಸ್ತಿರೋದು ಎಲೆಕ್ಟ್ರಿಕ್, 30 ಯೂನಿಟ್ ಹಿಡಿಯುವ ಬ್ಯಾಟರಿ. ದಿಬ್ಬದ ವಿಷಯ ಇಲ್ಲಿ ಪೂರ್ತಿ ತಲೆಕೆಳಗು. ಶಿರಾಡಿ ಘಾಟಿಯ ಬುಡದ ಗುಂಡ್ಯದಿಂದ ಸಕಲೇಶಪುರಕ್ಕೆ ಸುಮಾರು 800 ಮೀಟರ್ ಎತ್ತರ ಹತ್ತಬೇಕು. ಜನ ಸೇರಿ 1,700 ಕೆಜಿ ತೂಗುವ ಕಾರನ್ನು ಅಷ್ಟೆತ್ತರಕ್ಕೆ ಎತ್ತೋಕೇ 3.7 ಯೂನಿಟ್ ಬೇಕು, ರಸ್ತೆಯಲ್ಲಿ ಉರುಳೋಕೆ ಬೇಕಾದದ್ದು ಅದರ ಮೇಲೆ. ಶಿರಾಡಿ ಹತ್ತಿ ಬಂದಾಗ ನನ್ನ ಬ್ಯಾಟರಿಯ ಮೂರನೇ ಒಂದು ಭಾಗ ಖಾಲಿ. ಮೊದಲ ಸಲ ಮಾರನಹಳ್ಳಿ ಹತ್ತಿರ ಪರ್ಸೆಂಟ್ ಇಳಿಯೋದು ನೋಡಿ ಹೆಂಡತಿ ಎಸಿ ಆಫ್ ಮಾಡಿ ಕಿಟಕಿ ಇಳಿಸಿ ದೇವರ ನಾಮ ಶುರು ಮಾಡಿದ್ದಳು. ಅದೇ ದಾರಿ ಇಳಿಯುವಾಗ ಖರ್ಚು ಹತ್ತನೇ ಒಂದು ಭಾಗದ ಆಸುಪಾಸು, ಯಾಕೆಂದರೆ ಆಕ್ಸಿಲರೇಟರ್ ಬಿಟ್ಟರೆ ಮೋಟರೇ ಜನರೇಟರ್ ಆಗಿ ಎತ್ತರದಲ್ಲಿ ಹೂಡಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ವಾಪಸ್ ತುಂಬುತ್ತೆ. ಬ್ರೇಕ್ ಪೆಡಲ್ ಮುಟ್ಟೋದೇ ಅಪರೂಪ. ಆದರೆ ಮನೆಯಿಂದ ಬ್ಯಾಟರಿ ನೂರಕ್ಕೆ ನೂರು ತುಂಬಿಸಿಕೊಂಡು ಹೊರಟು ನೇರ ಘಾಟಿ ಇಳಿದರೆ ತುಂಬೋಕೆ ಜಾಗವೇ ಇರಲ್ಲ, ಆ ಹಿಡಿತ ಸಿಗಲ್ಲ, ಮಾಮೂಲಿ ಬ್ರೇಕೇ ಗತಿ. ಅದಕ್ಕೆ ಮಂಗಳೂರಿಗೆ ಹೊರಡುವ ದಿನ ನಾನು 85ಕ್ಕೇ ನಿಲ್ಲಿಸ್ತೀನಿ. ನಿಮಗೆ ಆ ತಾಪತ್ರಯ ಇಲ್ಲ, ಮೂಡಿಗೆರೆ ದಾಟಿ ಕೊಟ್ಟಿಗೆಹಾರ ತಲುಪಿ ಚಾರ್ಮಾಡಿ ಘಾಟಿ ಇಳಿಯೋ ಹೊತ್ತಿಗೆ ಬ್ಯಾಟರಿಯಲ್ಲಿ ಜಾಗ ಆಗಿರುತ್ತೆ. ವಾಪಸ್ ಬರುವಾಗ ಮಾತ್ರ ಮಂಗಳೂರಲ್ಲೇ ತುಂಬಿಸಿಕೊಂಡು ಹೊರಡಿ.

ದುಡ್ಡಿನ ಲೆಕ್ಕಕ್ಕೆ ಬಂದರೆ, ದಿನಕ್ಕೆ 14-15 ಯೂನಿಟ್ ಹಿಡಿಯುತ್ತೆ. ಯೂನಿಟ್ಟಿಗೆ ಆರು ರೂಪಾಯಿ ಅಂತ ಇಟ್ಟುಕೊಂಡರೂ ಕಿಲೋಮೀಟರಿಗೆ ಒಂದು ರೂಪಾಯಿ. ಪೆಟ್ರೋಲಿಗೆ ಆರರ ಮೇಲೆ ಆಗ್ತಿತ್ತು. ಆದರೆ ಗೃಹಜ್ಯೋತಿಯಲ್ಲಿ ಬರ್ತಿದ್ದ ಸೊನ್ನೆ ಬಿಲ್ಲು ಹೋಯಿತು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ಲ, ಕಾರೊಂದೇ 350 ಕುಡಿಯುತ್ತೆ. ಮನೆಯ ಫ್ಯಾನು, ಫ್ರಿಜ್ಜಿನ ದುಡ್ಡನ್ನೂ ಈ ಕಾರಿನ ಖಾತೆಗೇ ಬರೆಯಬೇಕು. ಕೊಳ್ಳುವಾಗ ಪೆಟ್ರೋಲ್ ಕಾರಿಗಿಂತ ಲಕ್ಷಗಟ್ಟಲೆ ಜಾಸ್ತಿ, ಮಾರುವಾಗ ಕೇಳುವವರು ಕಡಿಮೆ. ಬ್ಯಾಟರಿಗೆ ಎಂಟು ವರ್ಷದ ವಾರಂಟಿ ಇದೆ, ಒಂಬತ್ತನೇ ವರ್ಷದ ಯೋಚನೆ ನನ್ನದು. ಹೊಗೆ ಇಲ್ಲ ಅನ್ನೋದೂ ಅರ್ಧ ಸತ್ಯ, ನಮ್ಮೂರಲ್ಲಿ ಬಿಡೋ ಹೊಗೆಯಲ್ಲಿ ಒಂದಷ್ಟನ್ನು ಕಲ್ಲಿದ್ದಲಿನಿಂದ ಕರೆಂಟ್ ಮಾಡುವ ರಾಯಚೂರಿನ ಚಿಮಣಿಯಲ್ಲಿ ಬಿಡ್ತೀವಿ.

ಮಳೆಗಾಲ? ಜುಲೈನಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಹೋದಾಗ ಕಾರು ಅಂಗಳದಲ್ಲಿ, ನಾನು ಬಸ್ಸಿನಲ್ಲಿ. ಮನೆಯಲ್ಲಿ ಹಳೇ ಪೆಟ್ರೋಲ್ ಕಾರನ್ನು ಇನ್ನೂ ಮಾರದೆ ಇಟ್ಟುಕೊಂಡಿರೋದು ಆಮೇಲಿನ ಬುದ್ಧಿ. ಪಟ್ಟಣದಲ್ಲಿ ಇರುವ ನಿಮಗೆ ಇಷ್ಟು ಕಷ್ಟ ಆಗಲಿಕ್ಕಿಲ್ಲ.

ಬೇಸಿಗೆಯ ಸಮಸ್ಯೆ ಮಾತ್ರ ನನಗೆ ಯಾರೂ ಹೇಳಿರಲಿಲ್ಲ. ಕಾರು ಬಂದ ಮೊದಲ ಮಾರ್ಚಿನಲ್ಲಿ ಒಂದು ರಾತ್ರಿ ಚಾರ್ಜರ್ ಕೆಂಪು ದೀಪ ಮಿಣುಕಿಸಿ ಸುಮ್ಮನಾಯಿತು. ಪ್ಲಗ್ ತೆಗೆದು ಹಾಕಿದೆ, ಬೇರೆ ಸಾಕೆಟ್ ನೋಡಿದೆ, ಊಹೂಂ. ಕೊನೆಗೆ ಎಲೆಕ್ಟ್ರಿಷಿಯನ್ ಫೋನಿನಲ್ಲೇ ಹೇಳಿದ, ಅರ್ಥಿಂಗ್ ಗುಂಡಿ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿ ಹೂತಿರುವ ಗುಂಡಿ) ಒಣಗಿದೆ, ನೀರು ಹಾಕಿ ಅಂತ. ಟಾರ್ಚ್ ಹಿಡಿದು ಹಿತ್ತಲಿಗೆ ಹೋಗಿ ಎರಡು ಬಕೆಟ್ ಸುರಿದೆ. ಐದು ನಿಮಿಷಕ್ಕೆ ಹಸಿರು ದೀಪ. ಅಮ್ಮ ಜಗಲಿಯಲ್ಲಿ ನಿಂತು "ಪೆಟ್ರೋಲ್ ಬಿಡಿಸಿ ಈಗ ಅದಕ್ಕೆ ನೀರು ಕುಡಿಸ್ತಿದ್ದೀಯಾ?" ಅಂದರು. ಈಗ ಫೆಬ್ರವರಿಯಿಂದ ಮೊದಲ ಮಳೆವರೆಗೆ ತುಳಸಿಗೆ ಹಾಕುವಾಗ ಆ ಗುಂಡಿಗೂ ಒಂದು ಬಕೆಟ್.

ಹೈಡ್ರೋಜನ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. 700 ಬಾರ್ ಒತ್ತಡದಲ್ಲಿ ಅದನ್ನು ತುಂಬುವ ಬಂಕ್ ಚಿಕ್ಕಮಗಳೂರಿಗೆ ಬಂದಾಗ ಮತ್ತೆ ಮಾತಾಡೋಣ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹಳೇ ಕಾರಿನಲ್ಲೇ ಆರು ತಿಂಗಳು ಓಡಾಡ್ತಿದ್ದೆ, ಕಿಟ್ ಹಾಕಿಸ್ತಿರಲಿಲ್ಲ. ಆಮೇಲೆ ಎಲೆಕ್ಟ್ರಿಕ್, ಅದೂ ರಾತ್ರಿ ನಿಲ್ಲಿಸೋ ಕಡೆ ಪ್ಲಗ್ ಸಿಗೋದಾದರೆ ಮಾತ್ರ. ರಸ್ತೆ ಬದಿ ನಿಲ್ಲಿಸೋ ಮನೆಯಾದರೆ ಪೆಟ್ರೋಲೇ ಇರಲಿ. ಬಾಡಿಗೆ ಮನೆ ನೋಡುವಾಗ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ ಅಂತ ಕೇಳ್ತೀರಲ್ಲ, ಅದರ ಜೊತೆ ಕಾರ್ ನಿಲ್ಲುವ ಕಡೆ 15 ಆಂಪಿಯರ್ ಸಾಕೆಟ್ ಹಾಕಿಸಿಕೊಳ್ಳಬಹುದಾ, ಅರ್ಥಿಂಗ್ ಗುಂಡಿ ಎಲ್ಲಿದೆ ಅಂತಲೂ ಕೇಳಿ. ಮಾಲೀಕರು ಮುಖ ಮುಖ ನೋಡಿದರೆ ಆ ಮನೆ ಬಿಡಿ, ಮುಂದಿನದು ನೋಡಿ.