ಕಣ್ಣು ಕಾಣದ ತಮ್ಮನಿಗೆ ವಿಆರ್ ಹೆಡ್‌ಸೆಟ್ ಕೊಡಿಸಬಹುದೇ?

ನೀವು ಕೇಳಿದ್ದು ಇಷ್ಟು: ಕೊಡಗಿನ ನಾಪೋಕ್ಲು ಕಡೆಯ ತೋಟದ ಮನೆ, 26 ವರ್ಷದ ತಮ್ಮ, ದೃಷ್ಟಿ ಪೂರ್ತಿ ಹೋಗಿದೆ. ಮಳೆಗಾಲದಲ್ಲಂತೂ ಹೊರಗೆ ಕಾಲಿಡುವ ಹಾಗಿಲ್ಲ. ವರ್ಚುವಲ್ ಜಗತ್ತಿನಲ್ಲಾದರೂ ನಾಲ್ಕು ಜನರ ಒಡನಾಟ ಸಿಗಲಿ ಎಂದು ಹೆಡ್‌ಸೆಟ್ ಕೊಡಿಸಬಹುದೇ?

ಕೊಡಿಸಬೇಡಿ. ಹೆಡ್‌ಸೆಟ್ ಎಂದರೆ ಕಣ್ಣಿಗೆ ಅಂಟಿಸಿಕೊಂಡ ಪರದೆ. ಅದರೊಳಗಿನ ಬಹುಪಾಲು ಆಟಗಳ ಮೆನು ಮಾತಾಡುವುದಿಲ್ಲ, ಹಾಗಾಗಿ ಶುರುಮಾಡುವುದಕ್ಕೇ ಪಕ್ಕದಲ್ಲೊಬ್ಬರು ಬೇಕು. ಮನೆಯಲ್ಲಿರುವ ಆಂಡ್ರಾಯ್ಡ್ ಫೋನ್, ವೈರಿನ ಇಯರ್‌ಫೋನ್, 10,000 ಎಂಎಎಚ್ ಪವರ್ ಬ್ಯಾಂಕ್ ಇಷ್ಟಿದ್ದರೆ ಶುರು ಮಾಡಬಹುದು.

ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ ಟಾಕ್‌ಬ್ಯಾಕ್ (ಪರದೆಯ ಮೇಲಿರುವುದನ್ನು ಓದಿ ಹೇಳುವ ಸೌಲಭ್ಯ) ಆನ್ ಮಾಡಿ. ಅಲ್ಲೇ ಅದರ ಶಾರ್ಟ್‌ಕಟ್ ಕೂಡ ಇಟ್ಟುಬಿಡಿ: ವಾಲ್ಯೂಮಿನ ಎರಡೂ ಗುಂಡಿ ಒಟ್ಟಿಗೆ 3 ಸೆಕೆಂಡ್ ಒತ್ತಿದರೆ ಆನ್, ಮತ್ತೆ ಒತ್ತಿದರೆ ಆಫ್. ಆಮೇಲೆ ಟೆಕ್ಸ್ಟ್-ಟು-ಸ್ಪೀಚ್‌ನಲ್ಲಿ ಗೂಗಲ್‌ನ ಕನ್ನಡ ಧ್ವನಿಯನ್ನು ಡೌನ್‌ಲೋಡ್ ಮಾಡಿ. ಇದನ್ನು ಮರೆಯಬೇಡಿ. ಟವರ್ ಕೈಕೊಟ್ಟ ದಿನ ಫೋನ್ ಮಾತಾಡಬೇಕಾದರೆ ಧ್ವನಿ ಫೋನಿನೊಳಗೇ ಇರಬೇಕು.

ಟಾಕ್‌ಬ್ಯಾಕ್ ಆನ್ ಆದ ಮೇಲೆ ಬೆರಳಿನ ಲೆಕ್ಕವೇ ಬೇರೆ. ಒಂದು ಬೆರಳಿಟ್ಟರೆ ಅಲ್ಲಿರುವುದನ್ನು ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಬಲಕ್ಕೆ ಸರಿಸಿದರೆ ಮುಂದಿನದು, ಎಡಕ್ಕೆ ಸರಿಸಿದರೆ ಹಿಂದಿನದು. ಪುಟ ಜಾರಿಸಲು ಎರಡು ಬೆರಳು. ಎಡವಟ್ಟಾಗುವುದು ಸಾಮಾನ್ಯವಾಗಿ ಮನೆಯವರಿಂದ: ಫೋನ್ ಕೈಗೆತ್ತಿಕೊಂಡು ಒಮ್ಮೆ ತಟ್ಟುತ್ತಾರೆ, ತೆರೆಯುವುದಿಲ್ಲ, 'ಹ್ಯಾಂಗ್ ಆಗಿದೆ' ಎಂದು ಟಾಕ್‌ಬ್ಯಾಕ್ ಆರಿಸಿ ಇಟ್ಟುಬಿಡುತ್ತಾರೆ. ಆದ್ದರಿಂದ ಮೊದಲು ಮನೆಮಂದಿಯೆಲ್ಲ ಕಲಿಯಿರಿ. ಒದ್ದೆ ಬೆರಳಿನ ಸನ್ನೆಯೂ ಫೋನಿಗೆ ಸರಿಯಾಗಿ ಅರ್ಥವಾಗುವುದಿಲ್ಲ. ಜುಲೈ ತಿಂಗಳಿಗೆ ಪಕ್ಕದಲ್ಲೊಂದು ಒಣ ಬಟ್ಟೆ ಇರಲಿ. ಬರೆಯಲು ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡಿನ ಕನ್ನಡ ವಾಯ್ಸ್ ಟೈಪಿಂಗ್ ಸುಲಭ. ಆದರೆ ಸ್ಪೀಕರ್ ಆನ್ ಇದ್ದರೆ ಟಾಕ್‌ಬ್ಯಾಕ್ ಆಡಿದ ಮಾತನ್ನೂ ಅದೇ ಟೈಪ್ ಮಾಡಿಬಿಡುತ್ತದೆ, ಅದಕ್ಕೇ ಇಯರ್‌ಫೋನ್. ಒಂದೇ ಕಿವಿಗೆ ಹಾಕಿಕೊಳ್ಳಲಿ, ಇನ್ನೊಂದು ಮನೆಯ ಸದ್ದಿಗೆ ಬೇಕು. ಶೀಟಿನ ಮೇಲೆ ಮಳೆ ಹೊಡೆಯುವಾಗ ವಾಯ್ಸ್ ಟೈಪಿಂಗ್ ತಪ್ಪುತ್ತದೆ. ಮೈಕನ್ನು ಬಾಯಿಗೆ ಹತ್ತಿರ ಹಿಡಿಯಬೇಕು.

ಇನ್ನು ಒಡನಾಟದ ಮಾತು. ನನ್ನ ಪ್ರಕಾರ ನಿಮ್ಮ ತಮ್ಮನ ಒಂಟಿತನಕ್ಕೆ ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ವಾಟ್ಸಾಪ್ ಗ್ರೂಪ್‌ಗಳ ಅಭ್ಯಾಸ ಕಾರಣ. ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಪುತ್ತರಿ ಸುಗ್ಗಿ ಹಬ್ಬದ ದಿನ ನಿಗದಿಯಾಯಿತು ಎನ್ನಿ. ನೆರೆ (ಎಲೆಗಳ ಕಟ್ಟು) ಕಟ್ಟುವ ಹೊತ್ತು, ಕದಿರು ತೆಗೆಯುವ ಹೊತ್ತು ಎರಡನ್ನೂ ಬರೆದ ಪೋಸ್ಟರ್ ಒಕ್ಕದ (ಮನೆತನದ) ವಾಟ್ಸಾಪ್ ಗ್ರೂಪಿಗೆ ಬರುತ್ತದೆ. ನಿಮ್ಮ ತಮ್ಮನ ಕಿವಿಗೆ ಬೀಳುವುದು ಕಳಿಸಿದವರ ಹೆಸರು, 'ಫೋಟೋ', ಬಂದ ಸಮಯ, ಅಷ್ಟೇ. ಅದರ ಕೆಳಗೆ ಮೂವತ್ತು ಜನ 'ಸರಿ', 'ಬರ್ತೀವಿ' ಎಂದು ಹಾಕಿರುತ್ತಾರೆ. ಎಲ್ಲವೂ ಕೇಳಿಸುತ್ತದೆ, ಯಾವುದಕ್ಕೆ ಸರಿ ಎಂದರೋ ಅದೊಂದು ಬಿಟ್ಟು. ಗ್ರೂಪಿನಲ್ಲಿ ಇದ್ದೂ ಹೊರಗೆ ನಿಂತ ಹಾಗೆ.

ಅಡ್ಮಿನ್‌ಗೆ ಫೋನ್ ಮಾಡಿ ಮೂರು ವಿಷಯ ಕೇಳಿಕೊಳ್ಳಿ. ಫೋಟೋ ಹಾಕಿದರೆ ಕೆಳಗೆ ಒಂದು ಸಾಲು ಬರೆಯಲಿ, ಇಲ್ಲವೇ ಹತ್ತು ಸೆಕೆಂಡಿನ ವಾಯ್ಸ್ ಮೆಸೇಜ್ ಹಾಕಲಿ. ಕನ್ನಡವನ್ನು ಕನ್ನಡ ಅಕ್ಷರದಲ್ಲೇ ಬರೆಯಲಿ: ಇಂಗ್ಲಿಷ್ ಅಕ್ಷರದಲ್ಲಿ 'ಹೇಗಿದ್ದೀರಾ' ಎಂದು ಬರೆದರೆ ಫೋನ್ ಅದನ್ನು ಇಂಗ್ಲಿಷ್ ಪದ ಎಂದೇ ಓದಲು ಹೋಗಿ ಕೆಡಿಸುತ್ತದೆ. ನೋಟಿಸನ್ನು ಫೋನಿಗೆ ಅರ್ಥವಾಗುವ ಯೂನಿಕೋಡ್ ಅಕ್ಷರಗಳಲ್ಲಿ ಟೈಪ್ ಮಾಡಲಿ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಮಾಡಿದ ಪಿಡಿಎಫ್ ಕಣ್ಣಿಗೆ ಕನ್ನಡ, ಟಾಕ್‌ಬ್ಯಾಕ್‌ಗೆ ಅರ್ಥವಿಲ್ಲದ ಅಕ್ಷರಗಳ ರಾಶಿ. ಕೊಡವ ತಕ್ಕ್ (ಕೊಡವರ ಭಾಷೆ) ಅನ್ನು ಕನ್ನಡ ಲಿಪಿಯಲ್ಲಿ ಬರೆದರೆ ಕನ್ನಡ ಧ್ವನಿ ಓದುತ್ತದೇನೋ ಹೌದು, ಆದರೆ ಆ ಭಾಷೆಯ ಕೆಲವು ಸ್ವರಗಳು ಕನ್ನಡದಲ್ಲಿಲ್ಲ, ಉಚ್ಚಾರ ಎಲ್ಲೋ ಹೋಗುತ್ತದೆ. ಅದಕ್ಕೆ ವಾಯ್ಸ್ ಮೆಸೇಜೇ ವಾಸಿ.

ಬರಹವಿಲ್ಲದ ಫೋಟೋ ಬಂದೇ ಬರುತ್ತದೆ. ಬಿ ಮೈ ಐಸ್ ಆ್ಯಪ್ 2015ರಿಂದ ಇದೆ, ಉಚಿತ. ಅದಕ್ಕೆ ಫೋಟೋ ಹಂಚಿದರೆ ವಿವರಣೆ ಕೊಡುತ್ತದೆ, ವಿಡಿಯೋ ಕರೆಯಲ್ಲಿ ಸ್ವಯಂಸೇವಕರೂ ಸಿಗುತ್ತಾರೆ. ಯಂತ್ರದ ವಿವರಣೆಯನ್ನು ಸಮಯ, ದುಡ್ಡಿನ ಅಂಕಿಗಳಿಗೆ ನಂಬಬೇಡಿ, ಒಮ್ಮೆ ಮನುಷ್ಯರನ್ನು ಕೇಳಿ ಖಚಿತ ಮಾಡಿಕೊಳ್ಳಲಿ. ಆಧಾರ್, ಬ್ಯಾಂಕ್ ಕಾಗದ ಅಲ್ಲಿ ತೋರಿಸುವುದು ಬೇಡವೇ ಬೇಡ.

ವರ್ಚುವಲ್ ಜಗತ್ತೇ ಬೇಕೆಂದರೆ ಅದಕ್ಕೂ ದಾರಿ ಇದೆ, ಆದರೆ ಲ್ಯಾಪ್‌ಟಾಪ್ ಮತ್ತು ತಕ್ಕಮಟ್ಟಿಗೆ ಇಂಗ್ಲಿಷ್ ಬೇಕು. ಲ್ಯಾಪ್‌ಟಾಪಿಗೆ ಎನ್‌ವಿಡಿಎ ಎಂಬ, ಪರದೆ ಓದುವ ತಂತ್ರಾಂಶ ಹಾಕಿ: ಉಚಿತ, ಕನ್ನಡವನ್ನೂ ಓದುತ್ತದೆ, ಕಂಟ್ರೋಲ್ ಗುಂಡಿ ಒತ್ತಿದರೆ ಸುಮ್ಮನಾಗುತ್ತದೆ. 2003ರಲ್ಲಿ ಶುರುವಾದ ಸೆಕೆಂಡ್ ಲೈಫ್ ಎಂಬ ವರ್ಚುವಲ್ ಜಗತ್ತು ನೋಡುವವರಿಗೆ ಚಿತ್ರಮಯ. ಅದನ್ನೇ ರಾಡೆಗಾಸ್ಟ್ ಎಂಬ ತಂತ್ರಾಂಶದಿಂದ ಹೊಕ್ಕರೆ ಹತ್ತಿರ ಯಾರಿದ್ದಾರೆ, ಏನು ಮಾತಾಡುತ್ತಿದ್ದಾರೆ ಎಂಬುದು ಬರಹವಾಗಿ ಸಿಗುತ್ತದೆ, ಕೀಬೋರ್ಡಿನಲ್ಲೇ ಓಡಾಡಬಹುದು. ಅಂಗವಿಕಲರೇ ಸೇರುವ 'ವರ್ಚುವಲ್ ಎಬಿಲಿಟಿ' ಎಂಬ ದ್ವೀಪವೂ ಅಲ್ಲಿದೆ. ಒಂದು ಸಂಗತಿ ಗಮನಿಸಿ: 2007ರಲ್ಲಿ ಅಲ್ಲಿಗೆ ಧ್ವನಿ ಮಾತುಕತೆ ಬಂದಾಗ ಆತಂಕಪಟ್ಟವರು ಕಿವುಡರು. ಅಲ್ಲಿಯವರೆಗೆ ಎಲ್ಲರೂ ಬರೆದೇ ಮಾತಾಡುತ್ತಿದ್ದರು. ಒಬ್ಬರಿಗೆ ಬಾಗಿಲಾದದ್ದು ಇನ್ನೊಬ್ಬರಿಗೆ ಗೋಡೆ. ಹಾಗಾಗಿ 'ಅಂಗವಿಕಲರಿಗೆ ಒಳ್ಳೆಯದು' ಎಂದು ಯಾರಾದರೂ ಏನಾದರೂ ಹೇಳಿದರೆ ಯಾವ ಅಂಗವಿಕಲರಿಗೆ ಎಂದು ಕೇಳಿ. ಖಾತೆ ತೆರೆಯುವಾಗ ಚಿತ್ರದ ಕ್ಯಾಪ್ಚಾ (ಯಂತ್ರವಲ್ಲ, ಮನುಷ್ಯರೇ ಎಂದು ನೋಡುವ ಪರೀಕ್ಷೆ) ಅಡ್ಡ ಬಂದರೆ ಆಡಿಯೋ ಆಯ್ಕೆ ಹುಡುಕಿ. ಆಟ ಬೇಕಿದ್ದರೆ ಕ್ವೆಂಟಿನ್‌ಸಿ ಪ್ಲೇರೂಮ್ ಇದೆ. ದೃಷ್ಟಿ ಇಲ್ಲದವರನ್ನು ಮನಸ್ಸಿನಲ್ಲಿಟ್ಟೇ ಮಾಡಿದ್ದು. ಇಸ್ಪೀಟು, ದಾಳದ ಆಟ ಆಡುತ್ತಾ ಹರಟುವವರು ಸಿಗುತ್ತಾರೆ.

ಲ್ಯಾಪ್‌ಟಾಪಿನಲ್ಲಿ ಜೂಮ್ ಸಭೆಗೆ ಎರಡು ಕೀ ಸಾಕು: ಆಲ್ಟ್ ಜೊತೆ ಎ ಒತ್ತಿದರೆ ಮೈಕ್ ಆನ್ ಅಥವಾ ಆಫ್, ಆಲ್ಟ್ ಜೊತೆ ವೈ ಒತ್ತಿದರೆ ಕೈ ಎತ್ತಿದಂತೆ. ಉಳಿದವರು ಮಾತಿಗೆ ಮುಂಚೆ ಹೆಸರು ಹೇಳಬೇಕು, ಇಲ್ಲದಿದ್ದರೆ ಯಾರ ಮಾತು ಯಾರದೋ ಆಗುತ್ತದೆ. ಕರೆಂಟ್ ಹೋಗಿ ನೆಟ್‌ವರ್ಕ್ ಕ್ಷೀಣಿಸಿದ ದಿನಗಳಲ್ಲಿ ವಿಡಿಯೋ ಬಿಟ್ಟು ಬರಹ, ವಾಯ್ಸ್ ಮೆಸೇಜ್‌ಗೆ ಇಳಿಯಲಿ. ಟಾಕ್‌ಬ್ಯಾಕ್ ಮೆನುವಿನಲ್ಲಿ ಪರದೆ ಮರೆಮಾಡುವ ಆಯ್ಕೆ ಇದೆ, ಪಕ್ಕದಲ್ಲಿ ಕೂತವರು ಅವನ ಮಾತುಕತೆ ಇಣುಕುವುದು ನಿಲ್ಲುತ್ತದೆ.

ಪಾಸ್‌ವರ್ಡ್ ಅವನೇ ಇಟ್ಟುಕೊಳ್ಳಲಿ, ನಿಮ್ಮ ಬಳಿಯೂ ಬೇಡ. ತನಗೆ ಕಣ್ಣು ಕಾಣದು ಎಂದು ಹೊಸ ಗೆಳೆಯರಿಗೆ ಯಾವಾಗ ಹೇಳಬೇಕು, ಹೇಳಬೇಕೋ ಬೇಡವೋ ಎಂಬುದನ್ನೂ ಅವನೇ ನಿರ್ಧರಿಸಲಿ. ನೀವು ಮೊದಲೇ ಹೋಗಿ ಪರಿಚಯ ಮಾಡಿಕೊಡಬೇಡಿ.